ಕಾಫಿ ಚೀಲಕ್ಕೆ ಬೆಲೆ ಕಟ್ಟುವವರು ಯಾರು?

ಜನವರಿಯಿಂದ ಮಾರ್ಚ್‌ವರೆಗೆ ಕೊಡಗಿನ ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ಯಾವುದಾದರೂ ಕಾಫಿ ವ್ಯಾಪಾರಿಯ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ದೃಶ್ಯ ಕಾಣುತ್ತದೆ. ಬೆಳೆಗಾರನ ಜೀಪಿನಿಂದ ರೊಬಸ್ಟಾ ಚೆರಿಯ ಚೀಲಗಳು ಇಳಿಯುತ್ತವೆ. ಚೆರಿ ಎಂದರೆ ಕೊಯ್ದ ಹಣ್ಣನ್ನು ಸಿಪ್ಪೆಸಹಿತ ಕಣದಲ್ಲಿ ಒಣಗಿಸಿದ ಕಾಫಿ. ವ್ಯಾಪಾರಿ ಚೀಲಗಳಿಗೆ ಅಲ್ಲಲ್ಲಿ ಚುಚ್ಚಿ ಮಾದರಿ ತೆಗೆಯುತ್ತಾನೆ. ಅದರಲ್ಲಿ ಸ್ವಲ್ಪ ತೇವಾಂಶ ಅಳೆಯುವ ಯಂತ್ರಕ್ಕೆ ಹೋಗುತ್ತದೆ, ಸ್ವಲ್ಪ ಸಿಪ್ಪೆ ಸುಲಿಯುವ ಪುಟ್ಟ ಯಂತ್ರಕ್ಕೆ. ಸುಲಿದು ಉಳಿದ ಬೀಜವನ್ನು ತೂಗಿ, 50 ಕಿಲೋ ಚೆರಿಯಲ್ಲಿ, ಅಂದರೆ ಒಂದು ಚೀಲದಲ್ಲಿ, ಎಷ್ಟು ಕಿಲೋ ಬೀಜ ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು 26ರಿಂದ 28ರೊಳಗೆ ಇರುತ್ತದೆ. ಅರ್ಧ ಕಿಲೋ ಹೆಚ್ಚು ಬಂದರೂ ಬೆಳೆಗಾರನಿಗೆ ಖುಷಿ, ಕಡಿಮೆಯಾದರೆ ಸಣ್ಣದೊಂದು ವಾದ. ಆಮೇಲೆ ವ್ಯಾಪಾರಿ ಮೊಬೈಲ್ ತೆಗೆದು ಆ ದಿನದ ದರ ಹೇಳುತ್ತಾನೆ. ಅದರ ಬಗ್ಗೆ ವಾದಿಸುವವರು ಕಡಿಮೆ.

ವಾದ ಏಕಿಲ್ಲ ಎಂದರೆ, ಆ ದರವನ್ನು ವ್ಯಾಪಾರಿಯೂ ನಿರ್ಧರಿಸಿಲ್ಲ. ಬಡ ದೇಶಗಳ ರೈತನನ್ನು ಮಧ್ಯವರ್ತಿ ದೋಚುತ್ತಾನೆ ಎಂಬ ಮಾತು ಎಷ್ಟೋ ಬೆಳೆಗಳಲ್ಲಿ ನಿಜ. ಆದರೆ ಕಾಫಿಯಂಥ ಬೆಳೆಯಲ್ಲಿ ಸ್ಥಳೀಯ ವ್ಯಾಪಾರಿಯನ್ನು ಬೈದು ಮುಗಿಸಿದರೆ ಅಸಲು ವಿಷಯವೇ ಕೈತಪ್ಪುತ್ತದೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು: ಕೊಡಗು, ಚಿಕ್ಕಮಗಳೂರು, ಹಾಸನ. ದೇಶದಲ್ಲಿ ಬೆಳೆದದ್ದರ ಮೂರನೇ ಎರಡು ಭಾಗಕ್ಕೂ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ. ಬಹುಕಾಲದಿಂದ ಅತಿ ದೊಡ್ಡ ಗಿರಾಕಿ ಇಟಲಿ. ಹೀಗಾಗಿ ಇಲ್ಲಿನ ಬೆಲೆ ಹೊರಗಿನ ಬೆಲೆಗೆ ಕಟ್ಟಿಕೊಂಡಿದೆ. ರೊಬಸ್ಟಾದ ವಾಯಿದಾ ವಹಿವಾಟು (ಮುಂದೊಂದು ದಿನ ಕೊಡಬೇಕಾದ ಸರಕಿಗೆ ಇಂದೇ ದರ ಕಟ್ಟುವ ವ್ಯಾಪಾರ) ಲಂಡನ್ ವಿನಿಮಯ ಕೇಂದ್ರದಲ್ಲಿ, ಟನ್ನಿಗೆ ಇಷ್ಟು ಡಾಲರ್ ಎಂದು. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ, ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದು. ನಮ್ಮ ವ್ಯಾಪಾರಿಗಳು ಇವೆರಡನ್ನೂ ಒಟ್ಟಿಗೆ ‘ಟರ್ಮಿನಲ್’ ಎಂದು ಕರೆಯುತ್ತಾರೆ. ‘ಟರ್ಮಿನಲ್ ಬಿದ್ದಿದೆ’ ಎಂದು ವ್ಯಾಪಾರಿ ಹೇಳಿದರೆ ಆ ದಿನದ ಮಾತುಕತೆ ಮುಗಿಯಿತು.

ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡೋಣ. ಲಂಡನ್ ದರ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಟನ್ ಬೀಜಕ್ಕೆ 3.4 ಲಕ್ಷ, ಅಂದರೆ ಕಿಲೋಗೆ 340 ರೂಪಾಯಿ. ಔಟ್‌ಟರ್ನ್ 27 ಬಂದ ಚೀಲದ ಬೆಲೆ 9,180. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಕೆಲಸ), ಸಾಗಣೆ, ವ್ಯಾಪಾರಿಯ ಲಾಭ ಕಳೆಯಬೇಕು. ಭಾರತದ ರೊಬಸ್ಟಾಕ್ಕೆ ಗುಣಮಟ್ಟದ ಕಾರಣ ಲಂಡನ್ ದರದ ಮೇಲೆ ಸಿಗುವ ಪ್ರೀಮಿಯಂ ಕೂಡಬೇಕು. ಈಗ ಲಂಡನ್‌ನಲ್ಲಿ ದರ 100 ಡಾಲರ್ ಇಳಿದರೆ ಗೋಣಿಕೊಪ್ಪದ ಚೀಲದಲ್ಲಿ ಸುಮಾರು 230 ರೂಪಾಯಿ ಹೋಯಿತು. ಲಂಡನ್ ದರ ಅಲ್ಲಾಡದೆ ಡಾಲರ್ ಮಾತ್ರ 85ರಿಂದ 88ಕ್ಕೆ ಏರಿದರೆ ಅದೇ ಚೀಲಕ್ಕೆ 324 ರೂಪಾಯಿ ಹೆಚ್ಚು. ತೋಟದಲ್ಲಿ ಒಂದು ಎಲೆಯೂ ಅಲುಗಿಲ್ಲ, ಬೆಲೆ ಮಾತ್ರ ಬದಲಾಗಿದೆ. ರೂಪಾಯಿ ಬಿದ್ದಿತೆಂದು ಪೇಟೆಯವರು ಚಿಂತೆ ಮಾಡುವ ದಿನ ಕಾಫಿ ಬೆಳೆಗಾರ ಒಳಗೊಳಗೆ ಖುಷಿಪಡುವುದು ಇದಕ್ಕೇ. ಆಮದು ಗೊಬ್ಬರ, ಸ್ಪ್ರಿಂಕ್ಲರ್‌ಗೆ ಹಾಕುವ ಡೀಸೆಲ್ ದುಬಾರಿಯಾದಾಗ ಆ ಖುಷಿ ಸ್ವಲ್ಪ ಕರಗುತ್ತದೆ ಎನ್ನುವುದು ಬೇರೆ ಮಾತು.

ಲಂಡನ್ ದರವನ್ನು ಏರಿಸಿ ಇಳಿಸುವವರು ಯಾರು? ಭಾರತವಂತೂ ಅಲ್ಲ. ಜಗತ್ತಿನ ಕಾಫಿಯಲ್ಲಿ ನಮ್ಮ ಪಾಲು ಶೇ 3.5ರ ಆಸುಪಾಸು. ಬ್ರೆಜಿಲ್ ಒಂದೇ ಮೂರನೇ ಒಂದಕ್ಕಿಂತ ಹೆಚ್ಚು ಬೆಳೆಯುತ್ತದೆ, ವಿಯೆಟ್ನಾಂ ಆರನೇ ಒಂದರಷ್ಟು. ಕೊಡಗಿನಲ್ಲಿ ಇಡೀ ಬೆಳೆ ಮಳೆಗೆ ಉದುರಿಹೋದರೂ ಲಂಡನ್‌ನಲ್ಲಿ ಯಾರೂ ಬೆಚ್ಚುವುದಿಲ್ಲ. ಬ್ರೆಜಿಲ್‌ನಲ್ಲಿ ಒಂದು ರಾತ್ರಿ ಹಿಮ ಬಿದ್ದರೆ ಮೂಡಿಗೆರೆಯ ಅಂಗಡಿಯಲ್ಲಿ ಮರುದಿನವೇ ದರ ಬದಲಾಗುತ್ತದೆ. 1975ರ ಜುಲೈನಲ್ಲಿ ಅಲ್ಲಿನ ಪರಾನಾ ರಾಜ್ಯದ ಕಾಫಿ ತೋಟಗಳನ್ನು ಹಿಮ ಸುಟ್ಟು ಹಾಕಿತು; 1977ರಲ್ಲಿ ಅರೇಬಿಕಾ ಬೆಲೆ ಮುಟ್ಟಿದ ದಾಖಲೆ ಮುರಿಯಲು 2024ರ ಕೊನೆಯವರೆಗೂ ಕಾಯಬೇಕಾಯಿತು. 1994ರಲ್ಲಿ ಮತ್ತೆ ಹಿಮ, 2021ರ ಜುಲೈನಲ್ಲಿ ಮತ್ತೊಮ್ಮೆ.

ಹಿಮ ಬೀಳುವುದು ಹೆಚ್ಚಾಗಿ ಅರೇಬಿಕಾ ಗಿಡಕ್ಕೆ. ಕೊಡಗಿನ ಬೆಳೆಗಾರನ ಹತ್ತಿರ ಇರುವುದು ಬಹುಪಾಲು ರೊಬಸ್ಟಾ. ಆದರೂ ಅವನಿಗೇಕೆ ಲಾಭ? ಕಾಫಿ ಹುರಿಯುವ ಕಂಪನಿಗಳು ಎರಡನ್ನೂ ಬೆರೆಸುತ್ತವೆ. ಅರೇಬಿಕಾ ದುಬಾರಿಯಾದರೆ ಅದನ್ನು ಕಡಿಮೆ ಮಾಡಿ ರೊಬಸ್ಟಾ ಹೆಚ್ಚು ಹಾಕುತ್ತವೆ, ಆಗ ರೊಬಸ್ಟಾದ ಬೆಲೆಯೂ ಹಿಂದೆಯೇ ಹತ್ತುತ್ತದೆ. ನಮ್ಮಲ್ಲಿ ಬೀಜದ ಬೆಲೆ ಏರಿದಾಗ ಪುಡಿಯಲ್ಲಿ ಚಿಕೋರಿ ಏರುವುದಿಲ್ಲವೇ, ತರ್ಕ ಅದೇ. (ಇಲ್ಲಿ ಕಾನೂನು ಶೇ 49ರವರೆಗೆ ಚಿಕೋರಿಗೆ ಅವಕಾಶ ಕೊಟ್ಟಿದೆ. ಆ ಮಿತಿಯನ್ನು ಪೂರ್ತಿ ಬಳಸಿಕೊಳ್ಳುವ ಪುಡಿಯನ್ನೂ ಕಾಫಿ ಎಂದೇ ಕುಡಿಯುವವರು ನಾವು.)

ಇತ್ತೀಚಿನ ಏರಿಕೆಯ ಕತೆ ಇನ್ನೂ ಸ್ವಾರಸ್ಯಕರವಾಗಿದೆ. 2020ರಲ್ಲಿ ಲಂಡನ್ ರೊಬಸ್ಟಾ ಟನ್ನಿಗೆ 1,300 ಡಾಲರ್ ಆಸುಪಾಸಿನಲ್ಲಿ ಬಿದ್ದುಕೊಂಡಿತ್ತು. ಕೊಡಗಿನಲ್ಲಿ ಚೆರಿ ಚೀಲಕ್ಕೆ ಮೂರೂವರೆ ಸಾವಿರ ಸಿಕ್ಕರೆ ಪುಣ್ಯ ಎನ್ನುವ ಕಾಲ ಅದು. ಅದೇ ಹೊತ್ತಿಗೆ ವಿಯೆಟ್ನಾಂನ ಮಧ್ಯ ಎತ್ತರ ಪ್ರದೇಶದ ರೈತರೂ ಇದೇ ನಷ್ಟ ಅನುಭವಿಸುತ್ತಿದ್ದರು. ಅವರ ಮುಂದೆ ಇನ್ನೊಂದು ದಾರಿ ತೆರೆದುಕೊಂಡಿತು: ದುರಿಯನ್. ನೋಡಲು ಹಲಸಿನ ಮರಿಯಂತಿರುವ, ಅದಕ್ಕಿಂತ ಘಾಟಾದ ವಾಸನೆಯ ಈ ಹಣ್ಣಿಗೆ ಚೀನಾದಲ್ಲಿ ಮುಗಿಯದ ಬೇಡಿಕೆ. 2022ರಲ್ಲಿ ಚೀನಾ ವಿಯೆಟ್ನಾಂನ ತಾಜಾ ದುರಿಯನ್‌ಗೆ ಅಧಿಕೃತವಾಗಿ ಬಾಗಿಲು ತೆರೆದ ಮೇಲೆ ಅನೇಕರು ಕಾಫಿ ಕಿತ್ತು ದುರಿಯನ್ ಹಾಕಿದರು, ಇಲ್ಲವೇ ಕಾಫಿಯ ನಡುವೆ ನೆಟ್ಟರು. ಅದರ ಮೇಲೆ 2023–24ರ ಎಲ್ ನಿನೊ ಬರ ಬಂತು. 2024ರಲ್ಲಿ ಲಂಡನ್ ದರ 5,000 ಡಾಲರ್ ದಾಟಿತು. ಕೊಡಗಿನಲ್ಲಿ ಚೆರಿ ಚೀಲ ಹತ್ತು ಸಾವಿರ ರೂಪಾಯಿ ದಾಟಿತು. 2024–25ರಲ್ಲಿ ಭಾರತದ ಕಾಫಿ ರಫ್ತಿನ ಮೌಲ್ಯ 180 ಕೋಟಿ ಡಾಲರ್ ಮುಟ್ಟಿತು, ಸಾಗಿಸಿದ ಕಾಫಿ ಮಾತ್ರ ಹೆಚ್ಚಲಿಲ್ಲ. ಚೀನಾದ ನಾಲಿಗೆ ರುಚಿಯೂ ವಿರಾಜಪೇಟೆಯ ಬೆಳೆಗಾರನ ಸಾಲ ತೀರಿಸುವಲ್ಲಿ ಪಾಲು ಪಡೆಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅಲ್ಲಿಗೆ ಎಲ್ಲರೂ ಸುಖವಾಗಿದ್ದರು ಎಂದು ಕತೆ ಮುಗಿಸಬಹುದಿತ್ತು. ಆದರೆ 2025ರ ಫೆಬ್ರುವರಿಯಲ್ಲಿ ಐದೂವರೆ ಸಾವಿರ ಡಾಲರ್ ದಾಟಿದ್ದ ರೊಬಸ್ಟಾ ಜುಲೈ ಹೊತ್ತಿಗೆ ಮೂರೂವರೆ ಸಾವಿರದ ಕೆಳಗಿತ್ತು. ಆರು ತಿಂಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಕುಸಿತ. ಮುಖ್ಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಬೆಲೆ ಹೀಗೆ ಕುಣಿಯುವಾಗ ಪೆಟ್ಟು ಬೀಳುವುದು ಯಾರಿಗೆ?

ಸರಪಳಿಯ ಮೇಲಿನ ಕೊಂಡಿಗಳಲ್ಲಿ ಇರುವವರಿಗೆ ಇದರಿಂದ ತಪ್ಪಿಸಿಕೊಳ್ಳುವ ವ್ಯವಸ್ಥೆ ಇದೆ. ಯುರೋಪಿನ ಹುರಿಯುವ ಕಂಪನಿ ಆರು ತಿಂಗಳ ನಂತರ ಬೇಕಾದ ಕಾಫಿಯ ದರವನ್ನು ಇಂದೇ ವಾಯಿದಾ ಮಾರುಕಟ್ಟೆಯಲ್ಲಿ ಕಟ್ಟಿಹಾಕಿಕೊಳ್ಳುತ್ತದೆ. ಜಾಗತಿಕ ವ್ಯಾಪಾರಿ ಕಂಪನಿ ಕಾಫಿ ಕೊಂಡ ಕ್ಷಣವೇ ಅಷ್ಟೇ ಪ್ರಮಾಣವನ್ನು ವಾಯಿದಾದಲ್ಲಿ ಮಾರಿ, ಬೆಲೆ ಏರಲಿ ಇಳಿಯಲಿ ತನಗೆ ನಷ್ಟವಾಗದಂತೆ ನೋಡಿಕೊಳ್ಳುತ್ತದೆ. ನಮ್ಮ ದೊಡ್ಡ ರಫ್ತುದಾರರಿಗೂ ಈ ವಿದ್ಯೆ ಗೊತ್ತು. ಬೆಳೆಯ ಅಪಾಯ ಹೊತ್ತವರಿಗಾಗಿಯೇ ಹುಟ್ಟಿದ ಏರ್ಪಾಡು ಇದು ಎನ್ನುತ್ತಾರೆ. ಆದರೆ ಲಂಡನ್‌ನ ಒಂದು ಒಪ್ಪಂದದ ಅಳತೆ 10 ಟನ್. ಎರಡು ಎಕರೆ ರೊಬಸ್ಟಾ ಇರುವವನಿಗೆ ವರ್ಷಕ್ಕೆ ಸಿಗುವ ಬೀಜ ಒಂದು ಟನ್ನಿನ ಆಸುಪಾಸು. ಅವನಂಥ ಹತ್ತು ಮಂದಿ ಸೇರಿ, ಡಾಲರಿನಲ್ಲಿ ಮುಂಗಡ ಹಣ ಇಟ್ಟು, ದರ ತಿರುಗಿದ ದಿನ ಮತ್ತಷ್ಟು ಹಣ ತುಂಬಿದರೆ ಮಾತ್ರ ಆಟಕ್ಕೆ ಪ್ರವೇಶ. ಭಾರತದ ಕಾಫಿ ಬೆಳೆಗಾರರಲ್ಲಿ ಹತ್ತು ಹೆಕ್ಟೇರಿಗಿಂತ ಕಡಿಮೆ ಇರುವ ಸಣ್ಣವರೇ ಶೇ 98ಕ್ಕಿಂತ ಹೆಚ್ಚು. ಅವರ ಪಾಲಿಗೆ ಈ ಮಾರುಕಟ್ಟೆ ಮೊಬೈಲಿನಲ್ಲಿ ಕಾಣುವ ಒಂದು ಅಂಕಿ, ಅಷ್ಟೇ.

ಬೆಳೆಗಾರನ ಕೈಯಲ್ಲಿರುವ ಏಕೈಕ ಆಯುಧ ಕಾಯುವುದು. ಇವತ್ತು ದರ ಇಲ್ಲದಿದ್ದರೆ ಚೀಲ ಗೋದಾಮಿನಲ್ಲಿರಲಿ, ಜೂನ್‌ನಲ್ಲಿ ಮಾರೋಣ. ಚೆರಿ ಸರಿಯಾಗಿ ಒಣಗಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನೂರು ಎಕರೆಯವರು ಇದನ್ನು ಮಾಡುತ್ತಾರೆ. ಎರಡು ಎಕರೆಯವನು ಮಾಡಲಾರ. ಕೊಯ್ಲು ಮುಗಿಯುವ ಮೊದಲೇ ಕೂಲಿ ಬಟವಾಡೆ ಆಗಬೇಕು. ಫೆಬ್ರುವರಿ–ಮಾರ್ಚ್‌ನಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್ ಬೇಕು. ಹೂಮಳೆಯನ್ನೇ ನಂಬಿ ಕುಳಿತರೆ ಮುಂದಿನ ವರ್ಷದ ಬೆಳೆ ಹೋಯಿತು. ಸಹಕಾರ ಸಂಘದ ಬೆಳೆಸಾಲ ಕಟ್ಟಿ ನವೀಕರಿಸುವ ಗಡುವೂ ಅದೇ ಹೊತ್ತಿಗೆ. ಇಷ್ಟೂ ಖರ್ಚು ಬಂದು ನಿಲ್ಲುವುದು ಎಲ್ಲರೂ ಮಾರಲು ಬರುವ, ಮಾರುಕಟ್ಟೆಯಲ್ಲಿ ಕಾಫಿ ತುಂಬಿರುವ ತಿಂಗಳುಗಳಲ್ಲಿ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಲಂಡನ್ ದರ ಸಣ್ಣ ಬೆಳೆಗಾರನನ್ನು ತಲುಪಲು ಈಗ ಒಂದು ನಿಮಿಷ ಸಾಕು. ಒಳ್ಳೆಯ ದರಕ್ಕೆ ಕಾಯುವ ತಾಕತ್ತು ಮಾತ್ರ ಅವನನ್ನು ತಲುಪಿಲ್ಲ. ಗೋದಾಮಿನ ರಸೀದಿಯ ಮೇಲೆ ಸಾಲ ಕೊಡುವ ಪದ್ಧತಿ ಕಾಗದದ ಮೇಲೆ ಇದೆ. ಐವತ್ತು ಚೀಲ ಇಟ್ಟವನಿಗೆ ಅದು ಸುಲಭವಾಗಿ ಸಿಗುವಂತಾದರೆ ಆಗುವ ಉಪಕಾರ ಹತ್ತು ವಿಚಾರ ಸಂಕಿರಣಗಳಿಂದ ಆಗದು.

ಬೆಳೆಗಾರನ ಕೆಳಗೂ ಒಂದು ಕೊಂಡಿ ಇದೆ. ಹಣ್ಣು ಕೊಯ್ಯಲು ಈಗ ಅಸ್ಸಾಂ, ಜಾರ್ಖಂಡ್‌ಗಳಿಂದ ಕುಟುಂಬಗಳು ಬರುತ್ತವೆ, ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ ಇರುತ್ತವೆ. ಚೀಲದ ದರ ಮೂರು ಪಟ್ಟಾದ ವರ್ಷಗಳಲ್ಲಿ ಅವರ ಕೂಲಿ ಮೂರು ಪಟ್ಟಾಗಲಿಲ್ಲ. ಜಾಗತಿಕ ನ್ಯಾಯದ ಮಾತಾಡುವಾಗ ಬೆಳೆಗಾರರ ಸಂಘಗಳು ಈ ವಿಷಯಕ್ಕೆ ಬಂದರೆ ಸ್ವಲ್ಪ ದನಿ ತಗ್ಗಿಸುತ್ತವೆ.

ಹಾಗಾದರೆ ಬೆಲೆಯನ್ನು ಮಾರುಕಟ್ಟೆಗೆ ಬಿಡದೆ ಸರ್ಕಾರವೇ ಕಟ್ಟಿಕೊಡಬಾರದೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದ ಕಾಲವೂ ಇತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ ಪ್ರತಿ ದೇಶಕ್ಕೂ ರಫ್ತಿನ ಕೋಟಾ ಹಂಚಿಕೊಂಡವು. ಅಮೆರಿಕ ಒಪ್ಪಿದ್ದಕ್ಕೆ ಮುಖ್ಯ ಕಾರಣ ಶೀತಲ ಸಮರ: ಕಾಫಿ ಬೆಲೆ ಕುಸಿದರೆ ಲ್ಯಾಟಿನ್ ಅಮೆರಿಕದ ರೈತರು ಕಮ್ಯುನಿಸಂ ಕಡೆ ವಾಲುತ್ತಾರೆಂಬ ಹೆದರಿಕೆ. ನಮ್ಮಲ್ಲಿ 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಹಾಕಿ ಮಾರುತ್ತಿತ್ತು, ಹಣವನ್ನು ಕಂತು ಕಂತಾಗಿ ಕೊಡುತ್ತಿತ್ತು. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆ ಕೊಯ್ಲಾಗಿರುತ್ತಿತ್ತು. ತಾನು ಬೆಳೆದದ್ದನ್ನು ತಾನೇ ಮಾರಿದರೆ ಅದು ಅಪರಾಧ. ಆ ದಿನಗಳನ್ನು ಈಗ ನೆನೆದು ನಿಟ್ಟುಸಿರು ಬಿಡುವವರು ಈ ಭಾಗವನ್ನು ಮರೆತಿರುತ್ತಾರೆ.

1989ರ ಜುಲೈನಲ್ಲಿ ಕೋಟಾ ವ್ಯವಸ್ಥೆ ಕುಸಿಯಿತು, ತಿಂಗಳುಗಳಲ್ಲೇ ಬೆಲೆ ಅರ್ಧಕ್ಕೆ ಇಳಿಯಿತು. ಭಾರತದಲ್ಲಿ 1992ರಿಂದ 1996ರ ನಡುವೆ ಹಂತಹಂತವಾಗಿ ಬೆಳೆಗಾರರಿಗೆ ಮುಕ್ತ ಮಾರಾಟದ ಹಕ್ಕು ಸಿಕ್ಕಿತು. ಕಾಲ ಎಷ್ಟು ಸರಿಯಾಗಿ ಕೂಡಿಬಂತೆಂದರೆ, 1994ರ ಬ್ರೆಜಿಲ್ ಹಿಮ ಅದೇ ಹೊತ್ತಿಗೆ ಬಿತ್ತು. ಮಲೆನಾಡಿನಲ್ಲಿ ಹೊಸ ಕಾರು, ಹೊಸ ಮನೆ, ಹೊಸ ಸಾಲ. ಆ ಸಾಲ ಉಳಿದುಕೊಂಡಿತು, ಬೆಲೆ ಉಳಿಯಲಿಲ್ಲ. 1990ರಲ್ಲಿ ಲೆಕ್ಕಕ್ಕೇ ಇಲ್ಲದಿದ್ದ ವಿಯೆಟ್ನಾಂ ಹತ್ತು ವರ್ಷದೊಳಗೆ ಜಗತ್ತಿನ ಎರಡನೇ ದೊಡ್ಡ ಉತ್ಪಾದಕ ದೇಶವಾಯಿತು, 2001–02ರಲ್ಲಿ ಬೆಲೆ ಮೂರು ದಶಕಗಳಲ್ಲೇ ಅತಿ ಕೆಳಗೆ ಬಂತು. ಕೊಡಗು, ಚಿಕ್ಕಮಗಳೂರಿನ ಎಷ್ಟೋ ಸಣ್ಣ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳನ್ನು ಮಾರಿ ಬಡ್ಡಿ ಕಟ್ಟಿದರು. 2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರ ಪ್ಯಾಕೇಜ್ ಕೊಡಬೇಕಾಯಿತು.

ಸರ್ಕಾರಿ ದರದ ಇನ್ನೊಂದು ಮುಖ ನೋಡಬೇಕಾದರೆ ಪಶ್ಚಿಮ ಆಫ್ರಿಕಾದ ಕೋಕೋ ನೋಡಬೇಕು. ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಹಂಗಾಮಿನ ಆರಂಭದಲ್ಲೇ ಸರ್ಕಾರ ರೈತನಿಗೆ ಇಂತಿಷ್ಟು ಎಂದು ದರ ಘೋಷಿಸುತ್ತದೆ. ಬೆಲೆ ಬೀಳುವಾಗ ಇದು ರಕ್ಷಣೆ. ಆದರೆ 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಕೋಕೋ ಟನ್ನಿಗೆ 12,000 ಡಾಲರ್ ದಾಟಿದಾಗ ಅಲ್ಲಿನ ರೈತನಿಗೆ ಸಿಕ್ಕಿದ್ದು ಅದರ ಒಂದು ಅಂಶ ಮಾತ್ರ, ಏಕೆಂದರೆ ಬೆಳೆಯನ್ನು ಮೊದಲೇ ಕಡಿಮೆ ದರಕ್ಕೆ ಮುಂಗಡ ಮಾರಿಯಾಗಿತ್ತು. ಹೆಚ್ಚು ಬೆಲೆ ಇದ್ದ ನೆರೆ ದೇಶಗಳಿಗೆ ಚೀಲಗಳು ಕಳ್ಳದಾರಿಯಲ್ಲಿ ಹೋದವು. ಆ ವರ್ಷ ಕೊಡಗಿನ ಬೆಳೆಗಾರ ಅದೃಷ್ಟವಂತ, ಘಾನಾದವನು ನತದೃಷ್ಟ. 2001ರಲ್ಲಿ ಹೋಲಿಸಿದ್ದರೆ ಉತ್ತರ ಬೇರೆ ಬರುತ್ತಿತ್ತು.

ಇನ್ನು, ಗ್ರಾಹಕ ಕೊಡುವ ದುಡ್ಡಿನಲ್ಲಿ ರೈತನ ಪಾಲೆಷ್ಟು ಎಂಬ ಪ್ರಶ್ನೆ. ಕಿಲೋ ಹಸಿ ಬೀಜ ಹುರಿದರೆ ತೂಕ ಶೇ 15ರಿಂದ 20ರಷ್ಟು ಇಳಿಯುತ್ತದೆ. ಉಳಿದ 800 ಗ್ರಾಂನಲ್ಲಿ ಲೋಟಕ್ಕೆ ಎಂಟು ಗ್ರಾಂನಂತೆ ನೂರು ಲೋಟ ಕಾಫಿ. ಕಿಲೋಗೆ 340 ರೂಪಾಯಿ ಎಂಬ ಒಳ್ಳೆಯ ದರದಲ್ಲೂ ಲೋಟದಲ್ಲಿರುವ ಬೀಜದ ಬೆಲೆ ಮೂರೂವರೆ ರೂಪಾಯಿಗಿಂತ ಕಡಿಮೆ. ಮಿಕ್ಕದ್ದೆಲ್ಲ ಮೋಸ ಎಂದಲ್ಲ. ಹಾಲು, ಸಕ್ಕರೆ, ಅಂಗಡಿ ಬಾಡಿಗೆ, ಸಂಬಳ, ಗ್ಯಾಸ್ ಎಲ್ಲಕ್ಕೂ ದುಡ್ಡು ಬೇಕು. ಆದರೆ ಇದರ ಪರಿಣಾಮವೊಂದಿದೆ. ಬೀಜದ ಬೆಲೆ ಅರ್ಧಕ್ಕಿಳಿದರೂ ಲೋಟದ ಬೆಲೆ ಇಳಿಯುವುದಿಲ್ಲ, ಆದ್ದರಿಂದ ಬೆಲೆ ಇಳಿದಾಗ ಜನ ಹೆಚ್ಚು ಕುಡಿದು ಮಾರುಕಟ್ಟೆಯನ್ನು ಮೇಲೆತ್ತುತ್ತಾರೆ ಎಂಬ ಪಠ್ಯಪುಸ್ತಕದ ಸೂತ್ರ ಇಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ದೇಶಗಳ ಮಟ್ಟದಲ್ಲಿ ಚಿತ್ರ ಇನ್ನೂ ಸ್ಪಷ್ಟ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಲೆಕ್ಕದ ಪ್ರಕಾರ 1990ರ ದಶಕದ ಆರಂಭದಲ್ಲಿ ಕಾಫಿಯ ಚಿಲ್ಲರೆ ಮಾರಾಟ ವರ್ಷಕ್ಕೆ ಸುಮಾರು 3,000 ಕೋಟಿ ಡಾಲರ್. ಬೆಳೆಯುವ ದೇಶಗಳ ರಫ್ತು ಗಳಿಕೆ 1,000ದಿಂದ 1,200 ಕೋಟಿ. ಹತ್ತು ವರ್ಷಗಳ ಬಳಿಕ ಚಿಲ್ಲರೆ ಮಾರಾಟ 7,000 ಕೋಟಿ ದಾಟಿತ್ತು, ಬೆಳೆಯುವ ದೇಶಗಳಿಗೆ ಸಿಕ್ಕಿದ್ದು 550 ಕೋಟಿ. ಹುರಿದು, ಪುಡಿ ಮಾಡಿ, ಬ್ರ್ಯಾಂಡ್ ಹಚ್ಚುವ ಜಾಗದಲ್ಲೇ ಹಣ ಇರುವುದು, ಆ ಜಾಗಕ್ಕೆ ಹೋಗುವ ದಾರಿಯಲ್ಲಿ ಸುಂಕದ ಗೇಟು. ಯುರೋಪ್ ಒಕ್ಕೂಟದ ಸಾಮಾನ್ಯ ಸುಂಕಪಟ್ಟಿಯಲ್ಲಿ ಹಸಿ ಬೀಜಕ್ಕೆ ಸುಂಕ ಇಲ್ಲ, ಹುರಿದ ಕಾಫಿಗೆ ಶೇ 7.5, ಇನ್‌ಸ್ಟಂಟ್‌ಗೆ ಶೇ 9. ವಿಶೇಷ ಒಪ್ಪಂದ ಇರುವ ದೇಶಗಳಿಗೆ ರಿಯಾಯಿತಿ. ಒಂದು ಗಿಡವನ್ನೂ ಬೆಳೆಯದ ಜರ್ಮನಿ ಹುರಿದ ಕಾಫಿ ರಫ್ತು ಮಾಡುವ ಮುಂಚೂಣಿ ದೇಶಗಳಲ್ಲೊಂದು. ಭಾರತ ಈ ಗೇಟನ್ನು ಸ್ವಲ್ಪ ಮಟ್ಟಿಗೆ ದಾಟಿರುವುದು ಇನ್‌ಸ್ಟಂಟ್ ಕಾಫಿಯಲ್ಲಿ. ಅದರಲ್ಲೂ ಒಂದು ತಮಾಷೆ ಇದೆ. ರಫ್ತಿಗೆಂದು ತಯಾರಾಗುವ ಆ ಪುಡಿಗೆ ಒಳ್ಳೆಯ ಪಾಲು ಬೀಜ ವಿಯೆಟ್ನಾಂ, ಉಗಾಂಡಾಗಳಿಂದಲೇ ಬರುತ್ತದೆ, ಅದು ಅಗ್ಗ ಎಂಬ ಕಾರಣಕ್ಕೆ.

ಕಾಫಿ ಕೈಕೊಟ್ಟ ವರ್ಷ ಕಾಳುಮೆಣಸು ಕಾಪಾಡುತ್ತದೆ ಎಂಬುದು ಕೊಡಗಿನ ಹಳೆಯ ನಂಬಿಕೆ. ಅದೇ ನೆರಳು ಮರಕ್ಕೆ ಹಬ್ಬಿದ ಬಳ್ಳಿ, ಅದೇ ಗೊಬ್ಬರ, ಬೇರೆ ಆದಾಯ. ಆದರೆ ಮೆಣಸಿನ ಬೆಲೆಯ ಹಿಂದೆಯೂ ವಿಯೆಟ್ನಾಂ ನಿಂತಿದೆ. ಅಲ್ಲಿನ ಅಗ್ಗದ ಮೆಣಸು ಶ್ರೀಲಂಕಾದ್ದೆಂಬ ಹೆಸರಿನಲ್ಲಿ, ಮುಕ್ತ ವ್ಯಾಪಾರ ಒಪ್ಪಂದದ ಕಡಿಮೆ ಸುಂಕದಲ್ಲಿ ಒಳಬರುತ್ತಿದೆ ಎಂದು ಬೆಳೆಗಾರರು ದೂರಿದ್ದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅದಾದ ಮೇಲೂ ಒಂದೆರಡು ವರ್ಷ ಇಲ್ಲಿನ ಬೆಲೆ ಕುಸಿಯುತ್ತಲೇ ಇತ್ತು.

ದರದ ಚಿಂತೆಯ ಜೊತೆಗೆ ಈಗ ದಾಖಲೆಯ ಚಿಂತೆ ಸೇರಿಕೊಂಡಿದೆ. ಯುರೋಪ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನದ ಮಾಂಸ ಅಲ್ಲಿನ ಮಾರುಕಟ್ಟೆಗೆ ಬರುವಂತಿಲ್ಲ. ಉದ್ದೇಶದ ಬಗ್ಗೆ ತಕರಾರು ಎತ್ತುವುದು ಕಷ್ಟ. ನಮ್ಮ ಕಾಫಿ ಬೆಳೆಯುವುದೇ ಮರಗಳ ನೆರಳಿನಲ್ಲಿ, ಬಹುಪಾಲು ತೋಟಗಳು ತಲೆಮಾರುಗಳಷ್ಟು ಹಳೆಯವು. ನ್ಯಾಯವಾಗಿ ನೋಡಿದರೆ ಇದು ನಮಗೆ ಅನುಕೂಲವಾಗಬೇಕಾದ ನಿಯಮ. ಆದರೆ ಕಾಡು ಕಡಿದಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು. ಕಾಫಿ ಬೆಳೆದ ಪ್ರತಿ ಜಮೀನಿನ ಅಕ್ಷಾಂಶ–ರೇಖಾಂಶ ಕೊಡಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ನಕ್ಷೆಯನ್ನೇ ಕೊಡಬೇಕು, ಆ ದೇಶದ ಕಾನೂನಿನಂತೆ ಬೆಳೆದದ್ದೆಂದು ತೋರಿಸಬೇಕು. ಸಣ್ಣ ಬೆಳೆಗಾರರ ಚೀಲಗಳು ವ್ಯಾಪಾರಿಯ ಗೋದಾಮಿನಲ್ಲಿ ಒಂದೇ ರಾಶಿಯಾಗುವುದು ಇಲ್ಲಿನ ರೂಢಿ. ಆ ರಾಶಿಯಲ್ಲಿ ಯಾವ ಬೀಜ ಯಾರ ತೋಟದ್ದು ಎಂದು ಬೇರ್ಪಡಿಸುವ ಖರ್ಚು ಯಾರದ್ದು ಎಂಬುದರ ಬಗ್ಗೆ ನಿಯಮ ಮೌನವಾಗಿದೆ. ಅನುಭವ ಹೇಳುವುದೇನೆಂದರೆ ಖರ್ಚು ಕೆಳಗೆ ಹರಿಯುತ್ತದೆ.

ಕೊಡಗಿನಲ್ಲಿ ಇದಕ್ಕೆ ಮತ್ತೊಂದು ಗಂಟು ಬಿದ್ದಿದೆ. ಜಮ್ಮಾ ಹಿಡುವಳಿಗಳ (ವಂಶಪಾರಂಪರ್ಯವಾಗಿ ಬಂದ ಇಲ್ಲಿನ ಕುಟುಂಬ ಜಮೀನುಗಳ) ಪಹಣಿಯಲ್ಲಿ ಇರುವುದು ಎಷ್ಟೋ ಸಲ ತಾತ ಮುತ್ತಾತಂದಿರ ಹೆಸರು, ಇಲ್ಲವೇ ಐನ್‌ಮನೆಯ, ಅಂದರೆ ಮೂಲ ಕುಟುಂಬದ ಮನೆಯ, ಹತ್ತಾರು ಪಾಲುದಾರರ ಹೆಸರುಗಳು. ಇಂಥ ಗುಡ್ಡೆಯಲ್ಲಿ ಈ ಮೂರು ಎಕರೆ ನನ್ನದು ಎಂದು ಅಕ್ಕಪಕ್ಕದವರಿಗೆಲ್ಲ ಗೊತ್ತು. ಬ್ರಸೆಲ್ಸ್‌ಗೆ ಕಳುಹಿಸುವ ದಾಖಲೆಯಲ್ಲಿ ಅದು ಕಾಣುವುದಿಲ್ಲ. ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ನಡೆಸುತ್ತಿದೆ. ಮೊದಲು 2024ರ ಡಿಸೆಂಬರ್‌ಗೆ ಜಾರಿಯಾಗಬೇಕಿದ್ದ ನಿಯಮವನ್ನು ಎರಡು ಬಾರಿ ಮುಂದೂಡಲಾಗಿದ್ದು, ಈಗಿನ ಗಡುವು ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ ಹಾಗೂ ಅತಿ ಸಣ್ಣವಕ್ಕೆ 2027ರ ಜೂನ್ 30. ಮತ್ತೆ ಮುಂದೆ ಹೋದೀತೆಂದು ನೋಂದಣಿಯನ್ನು ಕಡೆಗಣಿಸುವವರು ಸುತ್ತಮುತ್ತ ಬೇಕಾದಷ್ಟಿದ್ದಾರೆ. ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಯಲ್ಲಿ ಹಿಡಿಯುವ ಕಾಲವನ್ನು ಬಲ್ಲವರು ಅರ್ಜಿಯನ್ನು ಈ ಮಳೆಗಾಲಕ್ಕೆ ಮೊದಲೇ ಕೊಟ್ಟಿಡುವುದು ಒಳ್ಳೆಯದು.